ಹಾಳೆ ಕಟ್ಟಿದ ಕಾಲು

೪ ಡಿಸೆಂಬರ್ ೧೯೩೮, ಭಾನುವಾರ ರಾತ್ರಿ

ಇಡೀ ಮೈಸೂರು ಸಂಸ್ಥಾನದಲ್ಲಿ ಮೋಟಾರು ಸೈಕಲ್ಲಿನಿಂದ ಒಮ್ಮೆಯೂ ಬೀಳದ ಸವಾರ ನಾನೊಬ್ಬನೇ. ಇವತ್ತಿನದು ಬಿದ್ದದ್ದಲ್ಲ, ಹಾರಿದ್ದು.

ಶೃಂಗೇರಿಗೆ ಹೋಗಿ, ಮೈಮೇಲೆ ಒಂದು ಗೀರೂ ಇಲ್ಲದೆ ಕೊಪ್ಪಕ್ಕೆ ವಾಪಸು ಬರುತ್ತೇನೆಂದು ಸೈಕಲ್ ಅಂಗಡಿಯ ಹಯಾತ್ ಸಾಬರ ಹತ್ತಿರ ಪಂಥ ಕಟ್ಟಿದ್ದೆ. ಕಚ್ಚೆ ಚೈನಿಗೆ ಸಿಗದಂತೆ ಬಿಗಿದೆ. ಜಲ್ಲಿ ಸಿಡಿದು ಬಡಿಯದಿರಲೆಂದು ಎರಡೂ ಕಾಲಿಗೆ ಒಣಗಿದ ಅಡಿಕೆ ಹಾಳೆ ಸುತ್ತಿ ಬಾಳೆನಾರಿನಿಂದ ಕಟ್ಟಿದೆ. ಈ ಉಪಾಯ ಯಾವ ದೊರೆಗೂ ಹೊಳೆದಿರಲಿಕ್ಕಿಲ್ಲ. ಹೋಗುವಾಗ ಒಂದು ಕಲ್ಲೂ ತಾಗಲಿಲ್ಲ.

ಬರುವಾಗ ಹರಿಹರಪುರ ದಾಟಿದ ಮೇಲೆ ಏರಿನಲ್ಲಿ ಸುಟ್ಟ ವಾಸನೆ. ಬಗ್ಗಿ ನೋಡಿದರೆ ಬಲಗಾಲಿನ ಹಾಳೆ ಸೈಲೆನ್ಸರಿಗೆ ತಾಗಿ ಹೊಗೆಯಾಡುತ್ತಿದೆ! ಗಾಡಿ ಬಿಟ್ಟು ಹಾರಿದೆ. ಲಂಟಾನದ ಪೊದೆ ನನ್ನನ್ನು ಹಿಡಿದುಕೊಂಡಿತು. ಕಾಲಿಗೆ ಏನೂ ಆಗಲಿಲ್ಲ, ಮುಖದ ತುಂಬ ಗೀರು.

"ಎಂತ ಮಾರಾಯ್ರೇ, ಬೆಕ್ಕಿನ ಜೊತೆ ಜಗಳ ಆಡಿದ್ರಾ?" ಎಂದರು ಹಯಾತ್ ಸಾಬರು, ನಾನು ಅಂಗಡಿ ಮುಂದೆ ಗಾಡಿ ನಿಲ್ಲಿಸುತ್ತಲೇ.

"ಪಂಥ ಕಟ್ಟಿದ್ದು ಮೈಗೆ ಸಾಬ್ರೇ. ಮುಖದ ಮಾತು ಬಂದಿತ್ತಾ?"

"ಮೈ ಅಂದ್ರೆ ಮುಖ ಬಿಟ್ಟು ಅಂತ ನಿಮಗೆ ಯಾವ ಮೇಷ್ಟ್ರು ಕಲಿಸಿದ್ದು? ತೆಗೀರಿ ದುಡ್ಡು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೂ ತಡೆಯಲಾಗಲಿಲ್ಲ, ನಕ್ಕರೆ ಗೀರು ಎಳೆಯುತ್ತದೆ ಎಂಬುದು ಆಮೇಲೆ ತಿಳಿಯಿತು.

ಮನೆಯಲ್ಲಿ ದಾಕ್ಷಾಯಣಿ ಅರಿಶಿನ ಹಚ್ಚುತ್ತ, "ಎಷ್ಟು ಸೋತ್ರಿ?" ಎಂದು ಕೇಳಿದಳು. ಎಂಟಾಣೆ ಎಂದೆ. ಅದಕ್ಕೇ ಅಷ್ಟು ಒತ್ತಿ ಹಚ್ಚಿದಳು, ಇನ್ನೂ ಉರಿಯುತ್ತಿದೆ.

ಹಾಳೆಯನ್ನು ನೀರಿನಲ್ಲಿ ನೆನೆಸಿ ಕಟ್ಟಿದ್ದರೆ ಗೆದ್ದೇ ಗೆಲ್ಲುತ್ತಿದ್ದೆ. ಕಣ್ಣು ಎಳೆಯುತ್ತಿದೆ. ನಿಜವಾಗಿ ಕೊಟ್ಟದ್ದು ಹನ್ನೆರಡು ರೂಪಾಯಿ.