ಪೀಸಿಲ್ಲದ ಸಾರು

ಎಜ್‌ಬಾಸ್ಟನ್, ಬರ್ಮಿಂಗ್‌ಹ್ಯಾಮ್
೧೩ ನವೆಂಬರ್ ೨೦೧೪, ಗುರುವಾರ

ಪ್ರೀತಿಯ ಸೇವಂತಿ ಅಕ್ಕನಿಗೆ ತಮ್ಮ ರತ್ನಾಕರನ ನಮಸ್ಕಾರ.

ನಿನ್ನ ಮೊಣಗಂಟಿನ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಬೈಯಲು ನಾನಿಲ್ಲವೆಂದು ದಿನಕ್ಕೆ ನಾಲ್ಕು ಸಲ ಬಾವಿಕಟ್ಟೆಗೆ ಓಡಾಡುತ್ತಿದ್ದೀಯೋ? ನಾನು ಕ್ಷೇಮ. ನಿನ್ನ ಮಗಳು ಚರಿಷ್ಮಾಳ ಕುತ್ತಿಗೆಯ ಗಂಟು ತೆಗೆದು ಇವತ್ತಿಗೆ ಒಂಬತ್ತು ದಿನ. ಗಾಯ ಚೆನ್ನಾಗಿ ಒಣಗುತ್ತಿದೆ. ಸ್ವರ ಮಾತ್ರ ಇನ್ನೂ ಬಂದಿಲ್ಲ, ಬಾಯಿ ತೆರೆದರೆ ಬರೀ ಗಾಳಿ. ಇನ್ನೂ ಸ್ವಲ್ಪ ದಿನ ಮಾತಾಡಬೇಡ ಎಂದಿದ್ದಾರೆ ಡಾಕ್ಟರು. ಆ ಗಂಟು ಒಳ್ಳೆಯದೋ ಕೆಟ್ಟದೋ ಎಂಬ ರಿಪೋರ್ಟು ಇಪ್ಪತ್ತೆಂಟನೇ ತಾರೀಕು ಶುಕ್ರವಾರ ಸಿಗುತ್ತದೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ನೀನು ಫೋನು ಎತ್ತಿದ ಕೂಡಲೇ ಸ್ಪೀಕರ್ ಒತ್ತುತ್ತೀ, ನಾನು ಇಲ್ಲಿ ಕೆಮ್ಮಿದ್ದು ಅಲ್ಲಿ ಅಂಬುಜಾಳ ಅಂಗಡಿಯವರೆಗೆ ಕೇಳಿಸುತ್ತದೆ. ಇಲ್ಲಿಯ ಫ್ಲ್ಯಾಟಿನ ಗೋಡೆಯೂ ತೆಳು. ಈಗ ಬರೆಯುವುದು ಚರಿಷ್ಮಾಳ ಕಿವಿಗೆ ಬೀಳಬಾರದು. ಅಕ್ಷರ ಸೊಟ್ಟವಾಗಿದ್ದರೆ ಚಳಿ ಎಂದುಕೊಳ್ಳಬೇಡ, ಹೀಟರು ಉರಿಯುತ್ತಲೇ ಇದೆ. ಹೆದರಿಕೆಯಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಹಿಂದಿನ ದಿನ ನೀನು ನನ್ನನ್ನು ಮನೆಯ ದೈವದ ಗುಡಿಯ ಎದುರು ನಿಲ್ಲಿಸಿದ್ದು ನೆನಪಿದೆಯಲ್ಲ? ಕೂಸಿನ ರಿಪೋರ್ಟು ಒಳ್ಳೆಯದೆಂದು ಬರುವ ತನಕ ಮೀನು ಮುಟ್ಟುವುದಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಿದೆ. "ಸೋದರಮಾವ ಹೇಳಿದ ಹರಕೆಗೆ ತೂಕ ಜಾಸ್ತಿ, ತಪ್ಪಿದರೆ ಅಷ್ಟೇ ಜೋರಾಗಿ ತಿರುಗ್ತದೆ" ಎಂದೆ. ಮಲ್ಪೆ ಬಂದರಿನ ದಕ್ಕೆಯಲ್ಲಿ ಮೂವತ್ತು ವರ್ಷ ಮೀನು ಏಲಂ ಕೂಗಿದವನು ನಾನು, ಕಣ್ಣು ಕಟ್ಟಿ ಒಂದು ಚಮಚ ಸಾರು ಬಾಯಿಗೆ ಬಿಟ್ಟರೆ ಯಾವ ಮೀನೆಂದು ಮಾತ್ರವಲ್ಲ, ಯಾವ ದಿನ ಹಿಡಿದದ್ದೆಂದೂ ಹೇಳುವವನು. ಅಂಥವನು ಇಪ್ಪತ್ತನಾಲ್ಕು ದಿನ ಬೇಳೆಸಾರಿನಲ್ಲಿ ಕಳೆದೆ. ವಿಮಾನದಲ್ಲಿ ಮಾತ್ರ ಒಂದು ತಪ್ಪು ಯೋಚನೆ ಬಂದಿತ್ತು. ನಮ್ಮ ದೈವಕ್ಕೆ ಪಾಸ್‌ಪೋರ್ಟ್ ಎಲ್ಲಿಂದ, ಕಡಲು ದಾಟಿ ನೋಡಲು ಬರುತ್ತದೆಯಾ ಎಂದು ಒಬ್ಬನೇ ನಕ್ಕಿದ್ದೆ. ಅದನ್ನು ನೆನೆದು ಈಗ ಗಲ್ಲ ಬಡಿದುಕೊಳ್ಳುತ್ತೇನೆ.

ನಿನ್ನೆ ಮಧ್ಯಾಹ್ನದ ಸಂಗತಿ. ಆಪರೇಶನ್ ಆದ ಮೇಲೆ ಚರಿಷ್ಮಾ ಊಟವನ್ನೇ ಬಿಟ್ಟಿದ್ದಾಳೆ. ನಾನು ಗಂಜಿ ಮಾಡಿಕೊಟ್ಟರೆ ಎರಡು ಚಮಚ, ಅಳಿಯ ಶೋಭಿತ್ ಏನು ತಂದುಕೊಟ್ಟರೂ ಎರಡೇ ಚಮಚ. ಕೈಯ ಬಳೆ ಮೊಣಕೈವರೆಗೆ ಜಾರುತ್ತದೆ, ನೀನು ನೋಡದಿರುವುದೇ ಒಳ್ಳೆಯದು. ಶೋಭಿತ್‌ಗೆ ನಿನ್ನೆ ಹಗಲು ಡ್ಯೂಟಿ. ಇವಳು ಚೀಟಿ ಬರೆದು ತೋರಿಸಿದಳು: "ಮಾವ, ಪೇಟೆಯಲ್ಲಿ ಜಪಾನಿನವರ ಸಣ್ಣ ಅಂಗಡಿ ಉಂಟು. ಅಲ್ಲಿಯ ರಾಮೆನ್ ಆದರೆ ಗಂಟಲಲ್ಲಿ ಇಳೀಬಹುದೋ ಏನೋ. ಆದರೆ ನೀವು ತಿಂದರೆ ಮಾತ್ರ ನಾನು ತಿನ್ನೋದು." ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ಮುಳುಗಿಸಿಟ್ಟ ಉದ್ದ ಶ್ಯಾವಿಗೆ. ಎಂಟು ದಿನದಲ್ಲಿ ಅವಳಾಗಿಯೇ ಬೇಕು ಎಂದು ಕೇಳಿದ ಮೊದಲ ಅನ್ನ ಅದು. ನಡಿ ಎಂದು ಬಸ್ಸು ಹತ್ತಿಸಿದೆ.

ಅಂಗಡಿ ಒಂದು ಗಲ್ಲಿಯೊಳಗೆ. ಒಟ್ಟು ಎಂಟು ಸ್ಟೂಲು, ಎದುರಿಗೇ ಒಲೆ, ಒಲೆಯ ಮೇಲೆ ನಾನೇ ಕೂತು ಮೀಯಬಹುದಾದಷ್ಟು ದೊಡ್ಡ ಎರಡು ಹಂಡೆ. ಬಾಗಿಲು ದೂಡಿದ್ದೇ ತಡ, ಒಳಗಿನ ಕೆಲಸದವರೆಲ್ಲ ಒಟ್ಟಿಗೆ ನನ್ನ ಮೇಲೆ ಏನೋ ಕಿರುಚಿದರು. ಹೊಡೆಯಲು ಬಂದರೆಂದೇ ಹಿಂದೆ ಜಿಗಿದು ಚರಿಷ್ಮಾಳ ಕಾಲು ತುಳಿದೆ. ಅದು ಅವರ 'ಬನ್ನಿ, ಕುಳಿತುಕೊಳ್ಳಿ' ಅಂತೆ! ಪಕ್ಕದಲ್ಲಿ ಕೋಟು ಹಾಕಿದ ಸಾಹೇಬನೊಬ್ಬ ಸೊರ್ರೆಂದು ಶ್ಯಾವಿಗೆ ಎಳೆಯುತ್ತಿದ್ದ. ಹಾಗೆ ಸದ್ದು ಮಾಡಿ ಗಂಜಿ ಕುಡಿದದ್ದಕ್ಕೆ ಚಿಕ್ಕಂದಿನಲ್ಲಿ ನೀನು ನನ್ನ ತಲೆಗೆ ಎಷ್ಟು ಮೊಟಕಿಲ್ಲ?

ಬೇಕಾದದ್ದನ್ನು ಹೇಳಲು ಇವಳಿಗೆ ಸ್ವರವಿಲ್ಲ. ಪೆನ್ನು ತೆಗೆದಳು. ನಾನು ಅವಳ ಕೈ ತಡೆದು, "ಚೀಟಿ ಎಂತಕ್ಕೆ ಮಗಾ? ಏಳನೇ ಕ್ಲಾಸಿನಲ್ಲಿ ಇಂಗ್ಲಿಷಿಗೆ ಐವತ್ತೆಂಟು ತೆಗೆದವ ನಾನು" ಎಂದೆ. (ಅದು ಮೂವತ್ತೆಂಟು ಎಂದು ನಿನಗೆ ಗೊತ್ತು. ಅವಳಿಗೆ ಹೇಳಬೇಡ.) ತಲೆಗೆ ಬಟ್ಟೆ ಕಟ್ಟಿದ, ನಿನ್ನ ವಯಸ್ಸಿನ ಜಪಾನಿ ಹೆಂಗಸು ಬಂದಳು. "ಡಾಟರ್, ಎವ್ರಿಥಿಂಗ್. ಮೀ, ವೆಜಿಟೇಬಲ್. ನೋ ಮೀಟ್. ನೋ ಫಿಶ್ ಪೀಸ್" ಎಂದು ಏಲಂ ಕೂಗಿದ ಹಾಗೆ ಹೇಳಿದೆ. ಆ ಹೆಂಗಸು "ಸೂಪ್ ಓಕೆ?" ಎಂದಳು. ಮತ್ತೊಮ್ಮೆ ಅದನ್ನೇ ಕೇಳಿದಳು. ಸಾರಿಲ್ಲದೆ ಶ್ಯಾವಿಗೆ ಹೇಗೆ ತಿನ್ನುವುದೆಂದು ನಾನು ಗತ್ತಿನಿಂದ "ಸೂಪ್ ಫುಲ್!" ಎಂದುಬಿಟ್ಟೆ. ಬಟ್ಟಲು ಬಂತು. ಮೇಲೆ ಬರೀ ಸೊಪ್ಪು, ಜೋಳ, ಅಣಬೆ. ಚರಿಷ್ಮಾ ಚೀಟಿ ತಳ್ಳಿದಳು: "ಮೀನು ಇಲ್ಲ ಅಲ್ವಾ ಮಾವ?" ಇಲ್ಲ ಎಂದೆ. ನನಗೋ ಶೀತದಿಂದ ಮೂಗು ಕಟ್ಟಿತ್ತು, ರುಚಿಯೇ ಹತ್ತಲಿಲ್ಲ. ಬಟ್ಟಲು ಬರಿದಾದ ಮೇಲೆ, ಚರಿಷ್ಮಾ ಕೈ ತೊಳೆಯಲು ಹೋದಾಗ ನೋಡುತ್ತೇನೆ, ಒಲೆಯ ಹತ್ತಿರದವನು ಮರ ಕೀಸಿದ ಹೊಟ್ಟಿನಂಥದ್ದನ್ನು ಚೀಲದಿಂದ ಮುಷ್ಟಿ ಮುಷ್ಟಿ ತೆಗೆದು ಹಂಡೆಗೆ ಹಾಕುತ್ತಿದ್ದಾನೆ. ಅದೇನೆಂದು ಬೆರಳು ತೋರಿಸಿದೆ. "ಡ್ರೈ ಫಿಶ್. ಫಾರ್ ಸೂಪ್" ಎಂದಳು ಆ ಹೆಂಗಸು ನಗುತ್ತಾ.

ಅವಳದು ಏನೂ ತಪ್ಪಿಲ್ಲ ಅಕ್ಕ, ಎರಡು ಸಲ ಕೇಳಿದ್ದಳು. ನಮ್ಮೂರ ಹೋಟೆಲಿನಲ್ಲಿ 'ಪೀಸ್ ಬೇಡ' ಎಂದರೆ ಮೀನಿನ ತುಂಡು ಬಿಟ್ಟು ಬರೀ ಸಾರು ಬಡಿಸುತ್ತಾರಲ್ಲ? ಮೂವತ್ತು ವರ್ಷ ಹಾಗೆ ಕೇಳಿ ಅಭ್ಯಾಸವಾದ ನಾಲಿಗೆ ಇಲ್ಲಿಯೂ ಅದನ್ನೇ ಕೇಳಿತು, ಕೇಳಿದ್ದನ್ನೇ ಕೊಟ್ಟರು.

ಇವತ್ತು ಬೆಳಗ್ಗೆ ಆಸ್ಪತ್ರೆಯಿಂದ ಫೋನು ಬಂತು, ಶೋಭಿತ್ ಎತ್ತಿದ. ರಿಪೋರ್ಟಿನ ದಿನ ಅವಳೊಬ್ಬಳೇ ಬರುವುದು ಬೇಡ, ಮನೆಯವರೂ ಬರಲಿ ಎಂದರಂತೆ. "ಎಲ್ಲರಿಗೂ ಹಾಗೇ ಹೇಳ್ತಾರೆ, ಹೆದರ್ಬೇಡಿ ಮಾವ" ಎಂದು ಶೋಭಿತ್ ನಕ್ಕ. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನಿನ್ನೆ ಬಟ್ಟಲು, ಇವತ್ತು ಈ ಫೋನು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ನನಗೆ ಹೇಳಬೇಕಿತ್ತು, ಆದರೆ ಕೇಳುವುದು ಯಾರನ್ನು? ಕಾಗದ ಸಿಕ್ಕಿದ ದಿನವೇ, ಇಪ್ಪತ್ತೆಂಟರ ಮೊದಲು, ದೈವದ ಎದುರು ತಪ್ಪುಕಾಣಿಕೆ ಇಟ್ಟು ಕೈಮುಗಿ. ಗೊತ್ತಿಲ್ಲದೆ ಆದದ್ದು ಎಂದು ಹೇಳು.

ಎಣ್ಣೆ ಮರೆಯಬೇಡ. ನನ್ನನ್ನು ಬೈಯುವುದಿದ್ದರೆ ಬೈ, ನಿನ್ನ ಬೈಗುಳ ಕೇಳಿದರೆ ಸ್ವಲ್ಪ ಧೈರ್ಯ ಬಂದೀತು. ಕೂಸಿಗೆ ನಿನ್ನ ಆಶೀರ್ವಾದ ಇರಲಿ.

ನಿನ್ನ ತಮ್ಮ,
ರತ್ನಾಕರ

ತಾ.ಕ.: ಪೋಸ್ಟಿಗೆ ಹಾಕಲು ಶೋಭಿತ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಕ್ಕಾ, 'ಗೊತ್ತಿಲ್ಲದೆ' ಎಂದು ಹೇಳಬೇಡ. ಶೀತವೂ ಇರಲಿಲ್ಲ, ಮೂಗೂ ಕಟ್ಟಿರಲಿಲ್ಲ. ಮೊದಲ ಗುಟುಕಿಗೇ ತಿಳಿಯಿತು, ಒಣಗಿಸಿದ ಕೇದರ್ ಮೀನು, ಇಲ್ಲಿಯವರು ಟ್ಯೂನಾ ಎನ್ನುತ್ತಾರೆ. ಬಟ್ಟಲು ಕೆಳಗಿಡಲು ಹೊರಟೆ. ಚರಿಷ್ಮಾ ಊಟದ ಕಡ್ಡಿ ಎತ್ತಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇಟ್ಟಿದ್ದರೆ ಅವಳೂ ಇಡುತ್ತಿದ್ದಳು. "ಬರೀ ತರಕಾರಿ ಮಗಾ" ಎಂದೆ, ಕುಡಿದೆ. ಅವಳು ಪೂರ್ತಿ ಬಟ್ಟಲು ತಿಂದಳು. ಅರ್ಧ ನಾನು ಕುಡಿದದ್ದು ಅವಳು ತಿನ್ನಲೆಂದು, ದೈವಕ್ಕೆ ಹೇಳು. ಉಳಿದರ್ಧ ರುಚಿಯಾಗಿತ್ತೆಂದು ಕುಡಿದೆ, ಅದನ್ನೂ ಹೇಳು. ಹೇಳುವಾಗ ನನ್ನ ಹೆಸರನ್ನು ಮಾತ್ರ ಎತ್ತು, ಅವಳ ಹೆಸರು ಎತ್ತಬೇಡ.