ಹೊಸ ಟೇಪೂ ಅದನ್ನೇ ಹೇಳಿತು

ಮಾನ್ಯ ಡಾಕ್ಟರರಿಗೆ,

ನಮಸ್ಕಾರ. ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ವೈರಸ್ಸು ಒಮ್ಮೆ ಮೈ ಹೊಕ್ಕರೆ ಸಾಯುವವರೆಗೂ ನರದಲ್ಲಿ ಅಡಗಿರುತ್ತದೆ ಎಂದವರು ನೀವೇ. ಅದನ್ನೇ ಪಳಗಿಸಿ ನನ್ನ ಗಂಡನ ಕಾಲಿನ ಮೀನಖಂಡದ ಕ್ಯಾನ್ಸರ್ ಗಡ್ಡೆಗೆ ಚುಚ್ಚಿದವರೂ ನೀವೇ. "ಗಡ್ಡೆಯೊಳಗೆ ಬೆಳೆದು ಅದನ್ನೇ ಒಡೆಯುತ್ತಮ್ಮ, ಬೇರೆ ಕಡೆ ತಂಟೆಗೆ ಹೋಗಲ್ಲ" ಅಂದಿರಿ. ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗಾಯಿತು. ಅದು ಅಷ್ಟು ಸಾಧುವಾದರೆ, ಗಡ್ಡೆಯ ಮೇಲಿನ ಪಟ್ಟಿ ಬದಲಿಸುವಾಗ ಕೈಗವಸು ಮರೆಯಬೇಡ ಎಂದು ನರ್ಸಮ್ಮ ನನಗೆ ಒತ್ತಿ ಒತ್ತಿ ಹೇಳಿದ್ದೇಕೆ?

ನಾನು ಬಟ್ಟೆ ಹೊಲಿಯುವವಳು. ಗಡ್ಡೆಗೆ ತಾಗದಿರಲೆಂದು ಅವರ ಪ್ಯಾಂಟಿನ ಒಂದು ಕಾಲನ್ನು ಬಿಚ್ಚಿ ಅಗಲ ಮಾಡಿದ್ದೆ. ಮೊನ್ನೆ ಅವರು, "ಸಡಿಲ ಆಗಿದೆ ಕಣೇ, ಸ್ವಲ್ಪ ಹಿಡಿದು ಹೊಲೀತೀಯಾ?" ಎಂದರು. ಪಟ್ಟಿ ಬದಲಿಸುವಾಗ ಗಡ್ಡೆಯಿರುವಲ್ಲಿ ಟೇಪು ಸುತ್ತಿ ನೋಡಿದೆ. ಅಳತೆ ಇಳಿದಿತ್ತು. ಹಳೆಯ ಟೇಪು ಎಳೆದೆಳೆದು ಹಿಗ್ಗಿದರೆ ಕಡಿಮೆಯೇ ತೋರಿಸುತ್ತದೆ, ಹಾಗಾಗಿ ಹೊಸದು ತಂದೆ. ಅದೂ ಅಷ್ಟೇ ಹೇಳಿತು. ಮೈಯೇ ಬಡವಾಗಿರಬೇಕೆಂದು ಇನ್ನೊಂದು ಕಾಲನ್ನೂ ಅಳೆದೆ. ಅದು ಇದ್ದ ಹಾಗೇ ಇದೆ.

"ಏನಾಯ್ತೇ?" ಎಂದರು.

"ಸುಮ್ನೆ ಕೂತ್ಕೊಳ್ಳಿ" ಎಂದೆ.

ಸೋಮವಾರ ಬರುತ್ತೇವೆ. ನಿಮ್ಮ ಟೇಪಿನಲ್ಲಿ, ನನ್ನ ಕಣ್ಣೆದುರೇ ಅಳೆಯಿರಿ. ಮೊದಲು ನನ್ನೊಬ್ಬಳಿಗೇ ಹೇಳಿ. ನೀವು ಹೌದೆನ್ನುವವರೆಗೆ ನಾನು ಆ ಪ್ಯಾಂಟನ್ನು ಹಿಡಿಯುವುದಿಲ್ಲ.

ಸೂಜಿಗೆ ದಾರ ಮಾತ್ರ ಪೋಣಿಸಿ ಇಟ್ಟಿದ್ದೇನೆ.

ಇಂತಿ,
ನಿಮ್ಮ ರೋಗಿಯ ಹೆಂಡತಿ