ಹಸಿರು ಚೀಲ ಹಿಡಿದು ಪಾರ್ಕಿಗೆ

ಅಕ್ಕಾ,

ಬರೆಯುತ್ತಿರುವವನು ನಿನ್ನ ತಮ್ಮ ಪಂಪಾಪತಿ. ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನ ತನಕ ಓದಿದವನ ಅಕ್ಷರ ಇದು. ಕೈ ಹಿಡಿದು ತಿದ್ದಿಸಿದವಳು ನೀನೇ ಆದ್ದರಿಂದ ತಪ್ಪುಗಳಲ್ಲಿ ಅರ್ಧ ನಿನ್ನ ಪಾಲು.

ಮೊನ್ನೆ ಮುಂಜಾನೆ ನಿನ್ನ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಿಂದ ಹಸಿರು ವೈರಿನ ಚೀಲವನ್ನು ಇಳಿಸಿಕೊಂಡೆ. ನಿನ್ನ ಸೊಸೆ ಒಲೆಯ ಮುಂದಿನಿಂದ ನೋಡಿದಳು. ನೀನು ಹೋಗಿ ವರ್ಷವಾಗುತ್ತ ಬಂತು, ಅದನ್ನು ಯಾರೂ ಮುಟ್ಟಿರಲಿಲ್ಲ. ತಳದಲ್ಲಿ ಒಣಗಿದ ಮೆಂತ್ಯದ ಎಲೆ ಎರಡು ಅಂಟಿಕೊಂಡಿದ್ದವು. ಅವನ್ನು ಕೊಡವಿ ಹಾಕಬೇಕೋ, ಹಾಗೇ ಬಿಡಬೇಕೋ…

ಡಾಕ್ಟರು ನಿನ್ನ ಬೆನ್ನಿಗೆ ಕೊಳವೆ ಇಟ್ಟು ಎಷ್ಟೋ ಹೊತ್ತು ಕೇಳಿಸಿಕೊಂಡ ದಿನ ನೆನಪಿದೆಯಾ? ಸಂಡೂರು ಕಡೆಯ ಅದಿರು ಲಾರಿಗಳು ನಮ್ಮ ರಸ್ತೆಯಲ್ಲಿ ಓಡಿದಷ್ಟು ವರ್ಷವೂ ನೀನು ಬಾಗಿಲಲ್ಲೇ ಕೂತು ಅಕ್ಕಿ ಆರಿಸಿದವಳು. ಹೊಸ್ತಿಲ ಮೇಲಿನ ಕೆಂಪು ಧೂಳನ್ನು ದಿನಕ್ಕೆ ಮೂರು ಸಲ ಒರೆಸುತ್ತಿದ್ದೆ. ಎದೆಯೊಳಗೆ ಹೋದದ್ದನ್ನು ಒರೆಸುವವರು ಯಾರು? ಸಕ್ಕರೆ ಕಾಯಿಲೆ ಬೇರೆ. "ಗಿಡ ಇರೋ ಕಡಿ ದಿನಾ ಮುಂಜಾನಿ ಅರ್ಧ ತಾಸು ನಡೀರಿ ಅವ್ವಾರ. ಗುಳಿಗಿ ಅರ್ಧ ಕೆಲಸ ಮಾಡ್ತಾವ, ಉಳಿದದ್ದು ನಿಮ್ಮ ಕಾಲು ಮಾಡಬೇಕು" ಎಂದರು ಡಾಕ್ಟರು. ಅಲ್ಲಿ ಗೋಣು ಹಾಕಿದವಳು ಹೊರಗೆ ಬಂದು ನನ್ನ ಮೇಲೆ ಹರಿಹಾಯ್ದೆ.

"ಲೇ ಪಂಪ್ಯಾ, ಎಲ್ಲಿಗಿ ಹೊಂಟಿ ಅಂತ ಯಾರರ ಕೇಳಿದ್ರ ಏನು ಹೇಳ್ಲಿ? ಎಲ್ಲಿಗೂ ಇಲ್ಲ, ಸುಮ್ನ ಸುತ್ತಾಕ ಅಂತನಾ? ಗಂಡ ಸತ್ತಾಕಿಗಿ ಪಾರ್ಕಿನ್ಯಾಗ ಏನು ಕೆಲಸ ಅಂತಾರ ಓಣಿ ಮಂದಿ."

ಹುಟ್ಟಿದಾಗಿನಿಂದ ನಡೆದವಳು ನೀನು. ಪಾಪಿನಾಯಕನಹಳ್ಳಿಯ ಹೊಲಕ್ಕೆ ಬುತ್ತಿ ಹೊತ್ತು, ಬಾವಿಗೆ ಕೊಡ ಹೊತ್ತು. ಬರಿಗೈಯಲ್ಲಿ ನಡೆಯುವುದು ಮಾತ್ರ ನಿನಗೆ ಗೊತ್ತಿರಲಿಲ್ಲ.

ಆಮೇಲೊಂದು ಮುಂಜಾನೆ ನಾನು ಪಾರ್ಕಿನ ಗೇಟಿನ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ನಿಂತಿದ್ದೆ. ಮನೆಯಲ್ಲಿ ಹತ್ತು ಸುತ್ತು ನಡೆದು ಬರುತ್ತೇನೆಂದು ಹೇಳಿದ್ದು ನಿಜ, ಮಿರ್ಚಿ ಬಂಡಿಯ ಸುತ್ತ ನಡೆದದ್ದೂ ನಿಜ. ಅಷ್ಟರಲ್ಲಿ ಹಸಿರು ಚೀಲ ಹಿಡಿದ ನೀನು ಗೇಟು ದಾಟಿದೆ. ನಾನು ಹಿಂದೆಯೇ ಬಂದು ಹೊಂಗೆ ಮರದ ಮರೆಯಲ್ಲಿ ನಿಂತು ನೋಡಿದೆ. ಬಸ್ಸು ತಪ್ಪುತ್ತದೆ ಎನ್ನುವವಳ ಹಾಗೆ ನೀನು ಸುತ್ತು ಹೊಡೆಯುತ್ತಿದ್ದೆ, ಚೀಲ ಖಾಲಿ. ನಾನು ಎದುರಿಗೆ ಬಂದು ನಿಂತಾಗ ನೀನು ಏನು ಹೇಳಿದೆ ಗೊತ್ತಾ? "ಸೊಪ್ಪಿಗಿ ಹೊಂಟೀನಿ. ದಾರಿ ಪಾರ್ಕಿನ್ಯಾಗಿಂದ ಐತಿ." ಆಮೇಲೆ ದನಿ ಇಳಿಸಿ, "ಯಾರ ಮುಂದೂ ಬಾಯಿ ಬಿಡಬ್ಯಾಡಪಾ" ಎಂದೆ. ಹೇಳಿದ್ದು ಸುಳ್ಳಾಗಬಾರದೆಂದು ನೀನು ಹಿಂತಿರುಗುವಾಗ ದಿನಾ ಒಂದು ಕಟ್ಟು ಮೆಂತ್ಯ ಕೊಳ್ಳುತ್ತಿದ್ದೆ. ನಿನ್ನ ಮಗ ಮೂರು ಹೊತ್ತೂ ಮೆಂತ್ಯಪಲ್ಯ ತಿಂದು ತಿಂದು, "ಮಾಮಾ, ನಮ್ಮವ್ವಗ ಏನಾಗೇತಿ?" ಎಂದು ನನ್ನನ್ನೇ ಕೇಳಿದ.

ನೀನು ಪಾರ್ಕು ಸುತ್ತಿದ ಆ ಎರಡು ತಿಂಗಳು ನಿನ್ನ ಮುಖ ನೋಡಬೇಕಿತ್ತು. ಮಾಳಿಗೆಯ ಮೆಟ್ಟಿಲನ್ನು ನಡುವೆ ಎಲ್ಲೂ ನಿಲ್ಲದೆ ಹತ್ತಿದೆ. ಡಾಕ್ಟರು ಒಂದು ಗುಳಿಗೆ ಕಮ್ಮಿ ಮಾಡಿದರು. "ನಾನ ನಡಸಾಕತ್ತೀನ್ರಿ" ಎಂದು ನಾನು ಎದೆ ಉಬ್ಬಿಸಿದೆ, ನೀನು ಸುಮ್ಮನೆ ನಕ್ಕೆ. ಒಂದು ದಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಹೇಳಿದ್ದೆಯಲ್ಲ, "ಮನ್ಯಾಗ ಉಸಿರು ಗಂಟಲಾಗ ನಿಂತು ಹೊಳ್ಳಿ ಬರ್ತೈತಿ ಲೇ. ಇಲ್ಲಿ ನೋಡು, ತಳದ ತನಕ ಹೋಗಿ ಬರ್ತೈತಿ." ನಾನು ಮಿರ್ಚಿಯ ವಾಸನೆಯ ಬಾಯಿ ಮುಚ್ಚಿಕೊಂಡು ಗೋಣು ಹಾಕಿದ್ದೆ.

ದರೋಜಿಯ ಕರಡಿಯನ್ನು ಇಲ್ಲಿ ತರಲೇಬೇಕು. ನಾವು ಚಿಕ್ಕವರಿದ್ದಾಗ ಅಲ್ಲಿ ನಮ್ಮ ಸೋದರತ್ತೆಯ ಶೇಂಗಾ ಹೊಲ ಕಾಯಲು ನಮ್ಮಿಬ್ಬರನ್ನೇ ಬಿಟ್ಟಿದ್ದ ಸಂಜೆ. ಗುಡ್ಡದ ಕಡೆಯಿಂದ ಅದು ಬಂದಾಗ ನಾನು ಬೇವಿನ ಮರದ ತುದಿಯಲ್ಲಿದ್ದೆ. ಎಣ್ಣೆಡಬ್ಬಿ ಬಡಿಯುತ್ತಾ, ಬೈಯುತ್ತಾ ಅದನ್ನು ಓಡಿಸಿದವಳು ನೀನು. ಮನೆಗೆ ಬಂದು ಕತೆ ಹೇಳಿದವನು ನಾನು, ಹೇಳುವಷ್ಟರಲ್ಲಿ ಡಬ್ಬಿ ನನ್ನ ಕೈಗೆ ಬಂದಿತ್ತು. ಅಂದಿನಿಂದ ಮರಿಯಮ್ಮನಹಳ್ಳಿಯ ಲಾರಿ ಡ್ರೈವರುಗಳಿಗೆ, ಹಂಪಿಗೆ ಬಂದ ಯಾತ್ರಿಕರಿಗೆ, ಹೆಣ್ಣು ಕೊಡಲು ಬಂದ ಮಾವನಿಗೆ, ಎಲ್ಲರಿಗೂ ಅದನ್ನೇ ಹೇಳಿದೆ. ಐವತ್ತು ವರ್ಷ ನೀನು ಪಕ್ಕದಲ್ಲೇ ಕೂತು ಕೇಳಿದೆ. ಒಮ್ಮೆಯಾದರೂ ಬಾಯಿ ಬಿಟ್ಟೆಯಾ?

ಕಂಪ್ಲಿಯಲ್ಲಿ ಬೀಗರ ಮನೆಯ ನಿಶ್ಚಿತಾರ್ಥದ ದಿನ ಊಟ ಮುಗಿಸಿ ನಮ್ಮ ಓಣಿಯವರೆಲ್ಲ ಜಮಖಾನದ ಮೇಲೆ ಕೂತಿದ್ದರು. ಕರಡಿ ಕತೆಗೆ ಎಲ್ಲರೂ ನಕ್ಕರು. ಇನ್ನೊಂದು ನಗು ಸಿಕ್ಕೀತೆಂಬ ಆಸೆ ನನಗೆ. "ನಮ್ಮಕ್ಕನ ಕತಿ ಕೇಳ್ರಿ, ಖಾಲಿ ಚೀಲ ಹಿಡ್ಕಂಡು ಕಳ್ಳರಂಗ ಪಾರ್ಕು ಸುತ್ತತಾಳ" ಎಂದು ನಿನ್ನ ನಡಿಗೆಯನ್ನೂ ಎದ್ದು ಮಾಡಿ ತೋರಿಸಿದೆ. ಕರಡಿಗಿಂತ ಹೆಚ್ಚು ನಗು ಬಂತು. ನೀನೂ ಸೆರಗನ್ನು ಬಾಯಿಗೆ ಹಿಡಿದು ನಕ್ಕೆ. ಮರುದಿನ ಚೀಲ ಮೊಳೆಗೆ ಏರಿತ್ತು. "ಮೊಣಕಾಲು ನೋಯ್ತಾವ ಲೇ" ಎಂದೆ. ಯಾವ ಮೊಣಕಾಲೂ ನೋಯುತ್ತಿಲ್ಲ ಎಂದು ನನಗೆ ಗೊತ್ತಿತ್ತು. ನೀನು ನನ್ನ ಸುಳ್ಳನ್ನು ಐವತ್ತು ವರ್ಷ ಕಾಯ್ದೆ, ನಾನು ನಿನ್ನ ಗುಟ್ಟನ್ನು ಎರಡು ತಿಂಗಳಿಗಿಂತ ಹೆಚ್ಚು ಕಾಯಲಿಲ್ಲ. ಎಷ್ಟೋ ದಿನ ಮಿರ್ಚಿ ಬಂಡಿಯ ಹತ್ತಿರ ನಿಂತು ನಿನ್ನೊಬ್ಬಳ ದಾರಿ ನೋಡಿದೆ, ಬೇರೆ ಯಾರು ಒಳಗೆ ಹೋದರೆಂದು ಗಮನಿಸಲಿಲ್ಲ. ಮನೆಗೆ ಬಂದು, ತಪ್ಪಾಯಿತು ಏಳಕ್ಕಾ ಹೋಗೋಣ ಅನ್ನುವುದಕ್ಕೆ ಈ ದೊಡ್ಡ ಬಾಯಿ ತೆರೆಯಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ನೀನು…

ನಿನ್ನ ದಿನಕರ್ಮಗಳೆಲ್ಲ ಮುಗಿದ ಮೇಲೆ ಡಾಕ್ಟರ ಹತ್ತಿರ ಹೋಗಿದ್ದೆ. "ನಡಿಯೋದು ಬಿಡದಿದ್ರ ಉಳೀತಿದ್ಲೇನ್ರಿ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ನನಗ ಗೊತ್ತಿಲ್ಲ ಪಂಪಣ್ಣ. ಆ ಎರಡು ತಿಂಗಳು ಭಾಳ ಚೊಲೋ ಇದ್ರು. ಅಷ್ಟು ಗೊತ್ತು." ಅಷ್ಟು ನನಗೂ ಗೊತ್ತಿತ್ತು, ಅಕ್ಕಾ.

ಮೊನ್ನೆ ಚೀಲ ಹಿಡಿದು ಪಾರ್ಕಿನ ಒಳಗೆ ಹೋದೆನಲ್ಲ, ಅಲ್ಲಿ ಕಂಡದ್ದನ್ನು ಹೇಳುವುದಕ್ಕೇ ಈ ಕಾಗದ. ನಮ್ಮ ಎದುರುಮನೆಯ ಶಾಂತಮ್ಮ ಸುತ್ತು ಹೊಡೆಯುತ್ತಿದ್ದಳು, ಕೈಯಲ್ಲಿ ಚೀಲ. ಅವಳ ಹಿಂದೆ ನಮ್ಮ ಓಣಿಯ ಇನ್ನೂ ನಾಲ್ವರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಲ. ಅತ್ತೆ ಕೇಳಲಿ, ಗಂಡ ಕೇಳಲಿ, ಸೊಪ್ಪಿಗೆ ಹೊರಟವರನ್ನು ಯಾರು ತಡೆಯುತ್ತಾರೆ? ಒಬ್ಬಳಿಗೆ ಬಿಪಿ ಇಳಿದಿದೆಯಂತೆ, ಇನ್ನೊಬ್ಬಳಿಗೆ ಕಣ್ತುಂಬ ನಿದ್ದೆ ಬರುತ್ತದಂತೆ. ನನ್ನ ಕೈಯಲ್ಲಿದ್ದ ಚೀಲವನ್ನು ಶಾಂತಮ್ಮ ಗುರುತಿಸಿ ನಿಂತಳು.

"ಕಂಪ್ಲಿಯಾಗ ನೀವು ಹೇಳಿದಾಗ ನಾನೂ ನಕ್ಕಿದ್ದೆ ಪಂಪಣ್ಣ. ಮನೀಗಿ ಬಂದ ಮ್ಯಾಲೆ, ಎಂಥಾ ಉಪಾಯ ಹುಡುಕ್ಯಾಳ ಅಕ್ಕ ಅನ್ನಿಸ್ತು. ಎರಡು ದಿನ ಬಿಟ್ಟು ಚೀಲ ಹಿಡ್ಕಂಡು ಅಕಿ ಜೋಡಿ ಸುತ್ತಾಕ ಅಂತ ಬಂದೆ. ಅಕಿ ಬರಲೇ ಇಲ್ಲ. ಕರಿಯಾಕ ನನಗೂ ಮುಖ ಇರಲಿಲ್ಲ."

ಎರಡೇ ದಿನ, ಅಕ್ಕಾ. ನೀನು ಎರಡು ದಿನ ತಡೆದಿದ್ದರೆ… ಇಲ್ಲ, ನಿನ್ನನ್ನೇಕೆ ದೂರಲಿ? ನಾನು ಒಂದು ಸಲ ಬಂದು ಕರೆದಿದ್ದರೆ ಸಾಕಿತ್ತು.

ಅವರ ಜೊತೆ ನಾನೂ ಹೆಜ್ಜೆ ಹಾಕಿದೆ. ಬೇಸರ ಕಳೆಯಲು ಅವರು ಕರಡಿ ಕತೆ ಕೇಳಿದರು. ಹೊಂಗೆ ಮರದ ಕೆಳಗೆ ಬಂದಾಗ ಹೇಳಿಯೇಬಿಟ್ಟೆ, "ಓಡಿಸಿದ್ದು ನಾನಲ್ರವ್ವಾ. ನಾನು ಗಿಡದ ಮ್ಯಾಲೆ ಇದ್ದೆ. ಡಬ್ಬಿ ಬಡದಾಕಿ ನಮ್ಮಕ್ಕ." ಶಾಂತಮ್ಮ, "ಇದ್ಯಾವ ಹೊಸಾ ಸುಳ್ಳು ಪಂಪಣ್ಣ?" ಎಂದು ನಕ್ಕಳು. ಹುಟ್ಟಿ ಮೊದಲ ಸಲ ನಿಜ ಹೇಳಿದರೆ ನಂಬುವವರು ಒಬ್ಬರೂ ಇಲ್ಲ. ಇರಲಿ, ಅವರು ನಂಬುವ ತನಕ ದಿನಾ ಹೋಗುತ್ತೇನೆ, ದಿನಾ ಹೇಳುತ್ತೇನೆ.

ಬರುವಾಗ ಮೆಂತ್ಯ ತಂದೆ. ನಿನ್ನ ಸೊಸೆ ಚೀಲದೊಳಗೆ ಇಣುಕಿ ನೋಡಿ, ಕಣ್ಣು ಒರೆಸಿಕೊಂಡು ಒಳಗೆ ಹೋದಳು. ನಿನ್ನ ಮಗನಿಗೆ ಮತ್ತೆ ಅದೇ ಪಲ್ಯ.

ಇವತ್ತು ಐದು ಸುತ್ತು ನಡೆದೆ, ಅಕ್ಕಾ. ಎಣಿಸಿದವಳು ಶಾಂತಮ್ಮ, ನಾನಲ್ಲ. ಹಾಗಾಗಿ ನೀನು ನಂಬಬಹುದು.

ನಿನ್ನ ಪಂಪ್ಯಾ